ರುಮಟಾಯ್ಡ್ ಸಂಧಿವಾತಕ್ಕೆ ನ್ಯಾನೊ ಔಷಧ: ಯಾವ ವಾಹಕ, ಯಾವ ದಾರಿ, ಯಾರಿಗಾಗಿ?

ರುಮಟಾಯ್ಡ್ ಸಂಧಿವಾತಕ್ಕೆ ನ್ಯಾನೊ ಔಷಧ ರೂಪಿಸಬೇಕೆಂದು ಹೊರಡುವ ಫಾರ್ಮಸಿ ಮತ್ತು ಜೈವಿಕ ತಂತ್ರಜ್ಞಾನದ ಸಂಶೋಧನಾರ್ಥಿಗಳು ಬಹುಮಟ್ಟಿಗೆ ಔಷಧವನ್ನು ಹೊತ್ತೊಯ್ಯುವ ಅತಿ ಸೂಕ್ಷ್ಮ ಕಣದಿಂದಲೇ, ಅಂದರೆ ವಾಹಕದಿಂದಲೇ, ಆರಂಭಿಸುತ್ತಾರೆ. ಪ್ರಯೋಗಾಲಯದಲ್ಲಿ ಚಿನ್ನದ ಕಣ ತಯಾರಿಸುವ ಅಭ್ಯಾಸವಿದ್ದರೆ ಚಿನ್ನ, ದೇಹದಲ್ಲಿ ಕರಗುವ ಪಿಎಲ್‌ಜಿಎ ಎಂಬ ಪಾಲಿಮರ್ ಕಪಾಟಿನಲ್ಲಿದ್ದರೆ ಪಿಎಲ್‌ಜಿಎ. ಅದರೊಳಗೆ ಈ ರೋಗದ ಹಳೆಯ ಔಷಧವಾದ ಮೆಥೊಟ್ರೆಕ್ಸೇಟ್ ತುಂಬುವುದು, ಗುರಿ ಹಿಡಿಯಲೆಂದು ಮೇಲೆ ಫೋಲೇಟ್ ಎಂಬ ವಿಟಮಿನ್ ಅಂಟಿಸುವುದು, ಇಲಿಯ ಪಾದದ ಊತ ಇಳಿಯಿತೆಂದು ತೋರಿಸುವುದು. ಹೀಗೆ ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ಆದರೆ ಈ ರೋಗಕ್ಕೆಂದೇ ಗುರಿಯಿಟ್ಟು ರೂಪಿಸಿದ ನ್ಯಾನೊಕಣ ಯಾವುದೂ ಇನ್ನೂ ನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಆಯ್ಕೆಯ ಕ್ರಮವೇ ತಲೆಕೆಳಗಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಯಾವ ರೋಗಿಗೆ ಈಗಿನ ಚಿಕಿತ್ಸೆ ಸಾಲುತ್ತಿಲ್ಲ, ಅವರ ಎಷ್ಟು ಕೀಲುಗಳು ಬಾಧೆಗೊಳಗಾಗಿವೆ, ಔಷಧ ಯಾವ ಜೀವಕೋಶವನ್ನು ತಲುಪಬೇಕು, ಎಷ್ಟು ವರ್ಷ ಅದನ್ನು ಕೊಡಬೇಕಾದೀತು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆಯೇ ವಾಹಕವನ್ನು ಆರಿಸಬೇಕು. ಈ ಹೋಲಿಕೆ ಆ ಕ್ರಮದಲ್ಲಿಯೇ ಸಾಗುತ್ತದೆ.

ಈಗಿರುವ ಚಿಕಿತ್ಸೆಯನ್ನು ಮೀರಬೇಕು

ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವುದು ಈ ರೋಗದ ಮೂಲ. ಕೀಲಿನ ಒಳಪೊರೆಯಾದ ಸೈನೋವಿಯಂ ಉರಿಯೂತದಿಂದ ದಪ್ಪಗಾಗಿ, ಅಲ್ಲಿ ನೆಲೆಸಿದ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳೂ ನಾರುಕೋಶಗಳೂ (ಫೈಬ್ರೊಬ್ಲಾಸ್ಟ್) ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತದ ಸಂದೇಶ ಹೊತ್ತ ಪ್ರೋಟೀನುಗಳನ್ನು, ಸುರಿಸುತ್ತ, ಕಾಲಕ್ರಮದಲ್ಲಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತವೆ. ವಯಸ್ಕರಲ್ಲಿ ಸುಮಾರು ಶೇ 0.5ರಿಂದ 1ರಷ್ಟು ಮಂದಿಗೆ ಈ ಕಾಯಿಲೆ ಬರುತ್ತದೆ; ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಒಮ್ಮೆ ಬಂದರೆ ದಶಕಗಳ ಕಾಲ ಜೊತೆಗಿರುತ್ತದೆ. ಈ ಕೊನೆಯ ಮಾತು ನ್ಯಾನೊ ಔಷಧ ರೂಪಿಸುವವರು ಸದಾ ನೆನಪಿನಲ್ಲಿಡಬೇಕಾದದ್ದು. ಕ್ಯಾನ್ಸರ್ ರೋಗಿಯೊಬ್ಬರು ಕೆಲವು ತಿಂಗಳ ಚಿಕಿತ್ಸೆಯಲ್ಲಿ ಸಹಿಸಿಕೊಳ್ಳುವ ಅಡ್ಡಪರಿಣಾಮವನ್ನು ಮೂವತ್ತೈದರ ವಯಸ್ಸಿನ ಸಂಧಿವಾತದ ರೋಗಿ ಇಪ್ಪತ್ತು ವರ್ಷ ಸಹಿಸಿಕೊಳ್ಳಬೇಕೆಂದು ಕೇಳಲಾಗದು.

ಹೊಸ ಔಷಧ ಸೆಣಸಬೇಕಾದ ಮೊದಲ ಎದುರಾಳಿ ಮೆಥೊಟ್ರೆಕ್ಸೇಟ್. ಅಮೆರಿಕದಲ್ಲಿ 1988ರಲ್ಲಿ ಈ ರೋಗಕ್ಕೆ ಅನುಮೋದನೆ ಪಡೆದ ಈ ಔಷಧವನ್ನು ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂ ಪ್ರಮಾಣದಲ್ಲಿ, ಫೋಲಿಕ್ ಆಮ್ಲದ ಜೊತೆ ಕೊಡುತ್ತಾರೆ. ಬೆಲೆ ಅತ್ಯಲ್ಪ, ಸಣ್ಣ ಊರಿನ ಔಷಧ ಅಂಗಡಿಯಲ್ಲೂ ಸಿಗುತ್ತದೆ. ಅದು ಸಾಲದವರಿಗೆ ಟಿಎನ್‌ಎಫ್ ತಡೆಯುವ ಜೈವಿಕ ಔಷಧಗಳು ಬಂದವು: 1998ರಲ್ಲಿ ಎಟನರ್ಸೆಪ್ಟ್, 1999ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್, 2002ರಲ್ಲಿ ಅಡಾಲಿಮುಮ್ಯಾಬ್. 2012ರಲ್ಲಿ ಟೊಫಾಸಿಟಿನಿಬ್ ಎಂಬ ಮಾತ್ರೆ ಬಂತು. 2014ರ ಕೊನೆಗೆ ಅಹಮದಾಬಾದಿನ ಜೈಡಸ್ ಸಂಸ್ಥೆ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್ ಅನ್ನು, ಅಂದರೆ ಅದನ್ನೇ ಹೋಲುವ ಔಷಧವನ್ನು, ಮಾರುಕಟ್ಟೆಗೆ ತಂದ ನಂತರ ನಮ್ಮ ದೇಶದಲ್ಲಿ ಜೈವಿಕ ಔಷಧಗಳ ಬೆಲೆ ಇಳಿಯಲು ದಾರಿಯಾಯಿತು. ಹೀಗಿರುವಾಗ ದುಬಾರಿ ನ್ಯಾನೊಕಣವೊಂದರಲ್ಲಿ ಮೆಥೊಟ್ರೆಕ್ಸೇಟನ್ನೇ ಮರಳಿ ತುಂಬಿ, ಅದು ಬರಿಯ ಮೆಥೊಟ್ರೆಕ್ಸೇಟಿಗಿಂತ ತುಸು ಚೆನ್ನಾಗಿ ಕೆಲಸ ಮಾಡಿತೆಂದು ತೋರಿಸಿದರೆ ಯಾವ ರೋಗಿಯ ಬದುಕೂ ಬದಲಾಗುವುದಿಲ್ಲ.

ಹಾಗಾದರೆ ತೆರಪು ಎಲ್ಲಿದೆ? ನನ್ನ ಎಣಿಕೆಯಲ್ಲಿ ಅತಿ ದೊಡ್ಡ ತೆರಪು ಸ್ಟೀರಾಯ್ಡಿನದು. ಉರಿಯೂತವನ್ನು ಅದರಷ್ಟು ಬೇಗ ತಗ್ಗಿಸುವ ಔಷಧ ಇನ್ನೊಂದಿಲ್ಲ. ಆದರೆ ತಿಂಗಳುಗಟ್ಟಲೆ ಸೇವಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಹತ್ತಿರವಾಗುತ್ತದೆ. ಅದನ್ನು ಕೀಲಿಗೆ ಮಾತ್ರ ಒಯ್ಯಬಲ್ಲ ವಾಹಕಕ್ಕೆ ಸ್ಪಷ್ಟವಾದ ಕೆಲಸವಿದೆ. ಎರಡನೆಯದು, ಉಳಿದೆಲ್ಲ ಕೀಲುಗಳು ಶಾಂತವಾದರೂ ಒಂದೆರಡು ಕೀಲುಗಳು ಮಾತ್ರ ಹಟ ಹಿಡಿದು ಊದಿಕೊಂಡೇ ಇರುವ ರೋಗಿಗಳದು. ಮೂರನೆಯದು ಕ್ಷಯದ ಅಪಾಯಕ್ಕೆ ಸಂಬಂಧಿಸಿದ್ದು. ಟಿಎನ್‌ಎಫ್ ತಡೆಯುವ ಔಷಧಗಳು ಸುಪ್ತ ಕ್ಷಯವನ್ನು ಎಚ್ಚರಿಸಬಲ್ಲವಾದ್ದರಿಂದ ಅವನ್ನು ಆರಂಭಿಸುವ ಮೊದಲು ಪರೀಕ್ಷೆ ಕಡ್ಡಾಯ, ಮತ್ತು ಭಾರತದಂತಹ ದೇಶದಲ್ಲಿ ಈ ಭಯ ಬರಿಯ ಪುಸ್ತಕದ ಮಾತಲ್ಲ. ಕೊನೆಯದು, ರೋಗದ ಬೇರನ್ನೇ ಮುಟ್ಟುವ ಆಸೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಕಣ ಕೀಲನ್ನು ಹೇಗೆ ತಲುಪುತ್ತದೆ

ಕ್ಯಾನ್ಸರ್ ಗಡ್ಡೆಗಳ ರಕ್ತನಾಳಗಳು ಸೋರುತ್ತವೆ, ದೊಡ್ಡ ಅಣುಗಳು ಅಲ್ಲಿ ಹೊರಬಂದು ಉಳಿದುಕೊಳ್ಳುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೇದಾ ತೋರಿಸಿದರು. ಸಂಧಿವಾತದ ಸಂಶೋಧನೆ ಈ ತತ್ತ್ವವನ್ನು ಕ್ಯಾನ್ಸರಿನಿಂದ ಎರವಲು ಪಡೆಯಿತು. ಎರವಲು ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಗಡ್ಡೆಯಲ್ಲಿ ದುಗ್ಧರಸದ ಹರಿವು ಕುಂಠಿತವಾಗಿರುತ್ತದೆ, ಆದ್ದರಿಂದ ಒಳಬಂದದ್ದು ಅಲ್ಲೇ ನಿಲ್ಲುತ್ತದೆ. ಕೀಲಿನಲ್ಲಿ ಆ ಹರಿವು ಕೆಲಸ ಮಾಡುತ್ತಿರುತ್ತದೆ. ಸೋರುವ ನಾಳದ ಮೂಲಕ ಕಣಗಳನ್ನು ಒಳಗೆ ಕಳಿಸುವುದಷ್ಟೇ ನಮ್ಮ ಯೋಜನೆಯಾಗಿದ್ದರೆ ಅದು ತೂಬು ತೆರೆದ ಕೆರೆಗೆ ನೀರು ತುಂಬಿಸುವ ಕೆಲಸವಾಗುತ್ತದೆ. ಕಣಗಳು ಅಲ್ಲಿ ಉಳಿಯುವುದಕ್ಕೆ ಉರಿಯೂತದ ಜೀವಕೋಶಗಳು ಅವನ್ನು ನುಂಗಿಕೊಳ್ಳುವುದು ಮುಖ್ಯ ಕಾರಣ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡಾಂಗ್ ವಾಂಗ್ ಅವರ ತಂಡ, ನಾಳ ಸೋರುವುದು ಮತ್ತು ಕೋಶಗಳು ಹಿಡಿದಿಟ್ಟುಕೊಳ್ಳುವುದು ಎಂಬ ಈ ಎರಡು ಹಂತಗಳನ್ನು ಸೇರಿಸಿ 'ಎಲ್ವಿಸ್' ಎಂಬ ಸಂಕ್ಷಿಪ್ತ ಹೆಸರಿಟ್ಟಿತು.

ಇನ್ನೊಂದು ದಾರಿಯೂ ಇದೆ. ಬೆಲ್ಜಿಯಂನ ಘೆಂಟ್ ನಗರದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಲಿಪೋಸೋಮ್‌ಗಳು (ಔಷಧ ತುಂಬುವ ಕೊಬ್ಬಿನ ಗುಳ್ಳೆಗಳು) ಉರಿಯೂತದ ಕೀಲಿನಲ್ಲಿ ಶೇಖರವಾಗುವುದರಲ್ಲಿ ರಕ್ತದಲ್ಲಿ ಸುತ್ತುವ ಬಿಳಿಯ ರಕ್ತಕಣಗಳ ಪಾಲು ದೊಡ್ಡದು. ಅವು ಲಿಪೋಸೋಮ್‌ಗಳನ್ನು ನುಂಗಿಕೊಂಡು, ತಾವೇ ಕೀಲಿಗೆ ನಡೆದು ಹೋಗುತ್ತವೆ. ಆಯ್ಕೆಯ ದೃಷ್ಟಿಯಿಂದ ಇದು ಬಹಳ ಮಹತ್ವದ ಸಂಗತಿ. ಇಷ್ಟು ವರ್ಷ ನಾವು ಬಿಳಿಯ ಕಣಗಳ ಕಣ್ಣಿಗೆ ಬೀಳದಂತೆ ವಾಹಕವನ್ನು ಮರೆಮಾಡುವುದೇ ಜಾಣತನವೆಂದು ಭಾವಿಸಿದ್ದೆವು. ಅವುಗಳೇ ಹೊತ್ತೊಯ್ಯುವ ಕೂಲಿಗಳಾದರೆ, ಯಾವ ಕಣವನ್ನು ಯಾವ ಬಗೆಯ ಕೋಶ ಎಷ್ಟು ನುಂಗುತ್ತದೆ ಎಂಬುದನ್ನು ಅಳೆಯದೆ ವಾಹಕವನ್ನು ನಿರ್ಧರಿಸಬಾರದು.

ಏನೇ ಮಾಡಿದರೂ ರಕ್ತಕ್ಕೆ ಹಾಕಿದ ಕಣಗಳ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಸೆಳೆದುಕೊಳ್ಳುತ್ತವೆ. ಟೊರಾಂಟೊದ ವಾರನ್ ಚಾನ್ ತಂಡ 2016ರಲ್ಲಿ ಹತ್ತು ವರ್ಷಗಳ ಪ್ರಬಂಧಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಚುಚ್ಚಿದ ಪ್ರಮಾಣದಲ್ಲಿ ಗಡ್ಡೆಯನ್ನು ತಲುಪಿದ್ದರ ಮಧ್ಯಾಂಕ ಕೇವಲ ಶೇ 0.7. ಕೀಲಿನ ಲೆಕ್ಕ ಬೇರೆ, ಆದರೂ 'ಗುರಿಯಿಟ್ಟ ಔಷಧ' ಎಂಬ ಮಾತನ್ನು ಬಳಸುವಾಗ ಈ ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಯಕೃತ್ತಿಗೆ ಮೊದಲೇ ಹೊರೆಯಾಗುವ ಮೆಥೊಟ್ರೆಕ್ಸೇಟನ್ನು ಯಕೃತ್ತೇ ಸೆಳೆಯುವ ಕಣದಲ್ಲಿ ತುಂಬುವವರು ಇದನ್ನು ಎರಡು ಬಾರಿ ಯೋಚಿಸಬೇಕು.

ರಕ್ತನಾಳಕ್ಕೋ, ಕೀಲಿನೊಳಕ್ಕೋ?

ನೇರವಾಗಿ ಕೀಲಿನೊಳಗೆ ಚುಚ್ಚಿದರೆ ಯಕೃತ್ತಿನ ಸಮಸ್ಯೆಯಿಲ್ಲ. ಆದರೆ ಈ ರೋಗ ಎರಡೂ ಕೈಗಳ ಬೆರಳು, ಮಣಿಕಟ್ಟು, ಪಾದಗಳಂತಹ ಹಲವು ಸಣ್ಣ ಕೀಲುಗಳನ್ನು ಒಟ್ಟಿಗೆ ಹಿಡಿಯುತ್ತದೆ. ವೈದ್ಯರು ರೋಗದ ತೀವ್ರತೆಯನ್ನು ಅಳೆಯುವಾಗ 28 ಕೀಲುಗಳನ್ನು ಮುಟ್ಟಿ ನೋಡುತ್ತಾರೆ. ಅಷ್ಟಕ್ಕೂ ಸೂಜಿ ಹಾಕುವುದು ಚಿಕಿತ್ಸೆಯಾಗದು. ಆದ್ದರಿಂದ ಕೀಲಿನೊಳಗಿನ ದಾರಿ ಮೊದಲು ಹೇಳಿದ ಹಟಮಾರಿ ಮಂಡಿ, ಭುಜಗಳಿಗೆ ಮಾತ್ರ ಹೊಂದುತ್ತದೆ.

ಅಲ್ಲಿಯೂ 'ನ್ಯಾನೊ' ಎಂಬುದೇ ಸರಿಯಾದ ಅಳತೆಯೇ ಎಂದು ಕೇಳಿಕೊಳ್ಳಬೇಕು. ಕೀಲಿನೊಳಗೆ ಚುಚ್ಚಿದ ಸಣ್ಣ ಅಣುಗಳು ಕೆಲವೇ ಗಂಟೆಗಳಲ್ಲಿ ಹೊರಹೋಗುತ್ತವೆ. ನ್ಯಾನೊಕಣ ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತದೆ. ಮೈಕ್ರೊಮೀಟರ್ ಅಳತೆಯ ಕಣ ವಾರಗಟ್ಟಲೆ ನಿಲ್ಲಬಲ್ಲದು. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ತುಂಬಿದ ಪಿಎಲ್‌ಜಿಎ ಸೂಕ್ಷ್ಮಗೋಲಗಳಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆತದ್ದು ಮಂಡಿಯ ಸವೆತದ ಅಸ್ಥಿಸಂಧಿವಾತಕ್ಕೆ, ಮತ್ತು ಅವು ಹತ್ತಾರು ಮೈಕ್ರೊಮೀಟರಿನ ಕಣಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡ ರಾಪಮೈಸಿನ್ ತುಂಬಿದ ಪಿಎಲ್‌ಜಿಎ ಸೂಕ್ಷ್ಮಕಣಗಳನ್ನು ಅಸ್ಥಿಸಂಧಿವಾತಕ್ಕಾಗಿ ಪರೀಕ್ಷಿಸಿದ್ದೂ ಇದೇ ತರ್ಕದಲ್ಲಿ. ರೋಗ ಬೇರೆಯಾದರೂ ಕೀಲಿನ ಚೀಲ ಅದೇ. ಒಂದೇ ಕೀಲಿಗೆ ದೀರ್ಘಕಾಲ ಔಷಧ ಬೇಕಾದವರು ಹೆಸರಿನ ಮೋಹ ಬಿಟ್ಟು ಸೂಕ್ಷ್ಮಕಣವನ್ನೋ ಜೆಲ್ಲನ್ನೋ ಆರಿಸಿಕೊಳ್ಳಲಿ. ಕೋಶದೊಳಕ್ಕೆ ಔಷಧ ಹೋಗಲೇಬೇಕಾದಾಗ ಮಾತ್ರ ಈ ದಾರಿಯಲ್ಲಿ ನ್ಯಾನೊ ಗಾತ್ರಕ್ಕೆ ಅರ್ಥವಿದೆ. ನುಂಗಿದ ಕೋಶವನ್ನೇ ಕೊಲ್ಲುವ ಕ್ಲೊಡ್ರೊನೇಟ್ ತುಂಬಿದ ಲಿಪೋಸೋಮ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ: ಮಂಡಿ ಬದಲಾವಣೆಗೆ ಕಾದಿದ್ದ ರೋಗಿಗಳ ಕೀಲಿಗೆ ಒಮ್ಮೆ ಚುಚ್ಚಿದಾಗ ಒಳಪೊರೆಯ ಮ್ಯಾಕ್ರೋಫೇಜ್‌ಗಳು ಗಣನೀಯವಾಗಿ ಕಡಿಮೆಯಾದದ್ದನ್ನು ಡಚ್ ಸಂಶೋಧಕರು 2000ದಲ್ಲಿ ತೋರಿಸಿದರು.

ಲಿಪೋಸೋಮ್: ಹಳೆಯದು, ಆದರೆ ಮುಂದಿರುವುದು

ರಕ್ತನಾಳದ ದಾರಿಯನ್ನು ಆರಿಸಿದವರಿಗೆ ನಾನು ಮೊದಲು ತೋರಿಸುವುದು ಲಿಪೋಸೋಮನ್ನು. ಕೊಬ್ಬಿನ ಎರಡು ಪದರಗಳ ಈ ಗುಳ್ಳೆ 1995ರಿಂದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದ ರೂಪದಲ್ಲಿ ಆಸ್ಪತ್ರೆಗಳಲ್ಲಿದೆ; ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ, ಶುದ್ಧೀಕರಿಸುವ, ಅಳೆಯುವ ವಿದ್ಯೆ ಕೈಗೂಡಿದೆ. ಉಟ್ರೆಕ್ಟ್ ವಿಶ್ವವಿದ್ಯಾಲಯದ ಯೋಸ್ಬರ್ಟ್ ಮೆಟ್ಸೆಲಾರ್ ಮತ್ತು ಖೆರ್ಟ್ ಸ್ಟಾರ್ಮ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೆಗ್ ಎಂಬ ಪಾಲಿಮರಿನ ಹೊದಿಕೆಯ ಲಿಪೋಸೋಮ್‌ಗಳಲ್ಲಿ ಪ್ರೆಡ್ನಿಸೊಲೋನ್ ಫಾಸ್ಫೇಟ್ ಎಂಬ ಸ್ಟೀರಾಯ್ಡ್ ತುಂಬಿ, ಸಂಧಿವಾತ ತರಿಸಿದ ಇಲಿಗಳಿಗೆ ಕಿಲೋಗ್ರಾಮಿಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಟ್ಟಾಗ ಉರಿಯೂತ ಹೆಚ್ಚುಕಡಿಮೆ ಒಂದು ವಾರ ಮರೆಯಾಯಿತು. ಅಷ್ಟೇ ಪ್ರಮಾಣದ ಬರಿಯ ಔಷಧ ಆ ಕೆಲಸ ಮಾಡಲಿಲ್ಲ. ಪ್ರತಿದಿನ ಕೊಟ್ಟಾಗಲೂ ಅಲ್ಪ ಪರಿಣಾಮವಷ್ಟೇ ಕಂಡಿತು. ಈ ಮಾರ್ಗ ಮುಂದೆ ಮನುಷ್ಯರ ಪ್ರಯೋಗದವರೆಗೂ ಹೋಯಿತು.

ಇಲ್ಲಿ ಔಷಧ ಮತ್ತು ವಾಹಕದ ಜೋಡಿ ಯಾಕೆ ಕೂಡಿಬಂತು ಎಂಬುದನ್ನು ನೋಡಬೇಕು. ಪ್ರೆಡ್ನಿಸೊಲೋನ್ ಫಾಸ್ಫೇಟ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಗುಳ್ಳೆಯ ನಡುವಿನ ನೀರಿನಲ್ಲಿ ಚೆನ್ನಾಗಿ ತುಂಬುತ್ತದೆ. ಗುಳ್ಳೆಯನ್ನು ನುಂಗುವ ಮ್ಯಾಕ್ರೋಫೇಜೇ ಅದು ಕೆಲಸ ಮಾಡಬೇಕಾದ ಕೋಶ. ಕೋಶದೊಳಗೆ ಫಾಸ್ಫೇಟ್ ಕಳಚಿ ಕ್ರಿಯಾಶೀಲ ಔಷಧ ಹೊರಬರುತ್ತದೆ. ಮೆಥೊಟ್ರೆಕ್ಸೇಟಿಗೆ ಈ ಅನುಕೂಲವಿಲ್ಲ. ಅದು ಲಿಪೋಸೋಮಿನಿಂದ ಬೇಗ ಸೋರುತ್ತಿದ್ದುದರಿಂದ ಸಂಶೋಧಕರು ಅದನ್ನು ಕೊಬ್ಬಿನ ಅಣುವಿಗೇ ಬೆಸೆಯಬೇಕಾಯಿತು. ಅಲ್ಲದೆ ವಾರಕ್ಕೊಮ್ಮೆಯ ಸಣ್ಣ ಪ್ರಮಾಣದ ಮೆಥೊಟ್ರೆಕ್ಸೇಟ್ ದೇಹದ ತುಂಬ ಹರಡಿಯೇ ತನ್ನ ಗುಣ ತೋರಿಸುತ್ತ ಬಂದಿದೆ. ಕೀಲಿನ ಮ್ಯಾಕ್ರೋಫೇಜಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರೆ ಅದೇ ಗುಣ ಸಿಕ್ಕೀತೆಂಬ ಖಾತ್ರಿ ಇಲ್ಲ.

ಲಿಪೋಸೋಮಿನ ಕೊರತೆಗಳನ್ನೂ ಹೇಳಬೇಕು. ಮೊದಲ ಬಾರಿ ರಕ್ತಕ್ಕೆ ಹರಿಸುವಾಗ ಕೆಲವರಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನುಗಳು ಕೆರಳಿ ಉಸಿರುಗಟ್ಟುವಿಕೆ, ಮುಖ ಕೆಂಪೇರುವಿಕೆಯಂತಹ ಪ್ರತಿಕ್ರಿಯೆ ಆಗುತ್ತದೆ. ಪೆಗ್‌ಗೆ ವಿರುದ್ಧವಾಗಿ ಪ್ರತಿಕಾಯಗಳು ಹುಟ್ಟಿದರೆ ಎರಡನೆಯ ಬಾರಿ ಕೊಟ್ಟ ಕಣಗಳು ರಕ್ತದಿಂದ ಬೇಗನೆ ಮಾಯವಾಗುತ್ತವೆ. ಗೌಟ್ ರೋಗಕ್ಕೆ ಬಳಸುವ, ಪೆಗ್ ಹೊದಿಸಿದ ಪೆಗ್ಲೊಟಿಕೇಸ್ ಈ ಕಾರಣದಿಂದಲೇ ಅನೇಕರಲ್ಲಿ ಶಕ್ತಿ ಕಳೆದುಕೊಳ್ಳುತ್ತಿತ್ತು. ಜೊತೆಯಲ್ಲಿ ಮೆಥೊಟ್ರೆಕ್ಸೇಟ್ ಕೊಟ್ಟಾಗ ಪ್ರತಿಕಾಯಗಳು ತಗ್ಗಿ ಹೆಚ್ಚು ಮಂದಿಗೆ ಗುಣ ಕಂಡಿತು. ಸಂಧಿವಾತದ ರೋಗಿಗಳಲ್ಲಿ ಬಹಳ ಮಂದಿ ಹೇಗೂ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುತ್ತಾರೆ. ಹೊಸ ಪೆಗ್ ವಾಹಕವನ್ನು ಮೆಥೊಟ್ರೆಕ್ಸೇಟಿಗೆ ಬದಲಿಯಾಗಿ ನೋಡುವುದಕ್ಕಿಂತ ಅದರ ಜೊತೆಗೆ ಪರೀಕ್ಷಿಸುವುದರಲ್ಲಿ ವಿವೇಕವಿದೆ ಎಂಬ ಸುಳಿವು ಇದರಲ್ಲಿದೆ.

ಪಾಲಿಮರ್, ಆಲ್ಬುಮಿನ್, ಚಿನ್ನ

ಪಿಎಲ್‌ಜಿಎ ಕಣಗಳು ದೇಹದಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಾಗಿ ಕರಗಿಹೋಗುತ್ತವೆ, ನೀರಿನಲ್ಲಿ ಕರಗದ ಔಷಧಗಳಿಗೆ ಹೊಂದುತ್ತವೆ, ವಿದ್ಯಾರ್ಥಿಗಳಿಗೂ ತಯಾರಿಸಲು ಸುಲಭ. ಮೊದಲ ದಿನವೇ ಔಷಧದ ದೊಡ್ಡ ಪಾಲು ಒಮ್ಮೆಲೇ ಹೊರಬೀಳುವುದು ಅವುಗಳ ಹಳೆಯ ದೋಷ. ಪ್ರಯೋಗಾಲಯದ ಸಣ್ಣ ಬೀಕರಿನಲ್ಲಿ ಬಂದ ಗಾತ್ರ ದೊಡ್ಡ ಪಾತ್ರೆಯಲ್ಲಿ ಬರುವುದಿಲ್ಲ ಎಂಬುದು ಇನ್ನೊಂದು ತೊಡಕು. ರಕ್ತನಾಳಕ್ಕೆ ಹಾಕುವ ಕೆಲಸಕ್ಕೆ ನಾನು ಇವನ್ನು ಲಿಪೋಸೋಮಿನ ನಂತರ ಇಡುತ್ತೇನೆ. ಕೀಲಿನೊಳಗಿನ ಕೆಲಸಕ್ಕೆ ಮುಂದಿಡುತ್ತೇನೆ.

ಔಷಧವನ್ನು ಕಣದಲ್ಲಿ ತುಂಬುವ ಬದಲು ಪಾಲಿಮರ್ ಸರಪಳಿಗೇ ರಾಸಾಯನಿಕವಾಗಿ ಕಟ್ಟುವುದು ಬೇರೊಂದು ದಾರಿ. ಮೇಲೆ ಹೇಳಿದ ನೆಬ್ರಾಸ್ಕಾದ ತಂಡ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಎಚ್‌ಪಿಎಂಎ ಎಂಬ ಪಾಲಿಮರಿಗೆ ಆಮ್ಲದಲ್ಲಿ ಮುರಿಯುವ ಕೊಂಡಿಯಿಂದ ಕಟ್ಟಿತು. ಕೋಶದೊಳಗಿನ ಆಮ್ಲೀಯ ಚೀಲಗಳಲ್ಲಿ ಕೊಂಡಿ ಮುರಿದು ಔಷಧ ಬಿಡುಗಡೆಯಾಗುತ್ತದೆ. ಸೋರಿಕೆ ಕಡಿಮೆ ಎಂಬುದು ಇದರ ಬಲ. ಆದರೆ ಎಚ್‌ಪಿಎಂಎ ಬೆನ್ನೆಲುಬು ದೇಹದಲ್ಲಿ ಕರಗುವುದಿಲ್ಲ, ಮೂತ್ರಪಿಂಡದ ಮೂಲಕ ಹೋಗುವಷ್ಟು ಚಿಕ್ಕದಾಗಿ ಅದನ್ನು ಇಡಬೇಕಾಗುತ್ತದೆ.

ರಕ್ತದಲ್ಲಿ ಹೇರಳವಾಗಿರುವ ಪ್ರೋಟೀನಾದ ಆಲ್ಬುಮಿನ್ ಬಗ್ಗೆ ನನಗೆ ವಿಶೇಷ ಒಲವಿದೆ, ಮತ್ತು ಅದಕ್ಕೆ ಕಾರಣವಿದೆ. ಉರಿಯೂತವಿರುವ ಕೀಲು ರಕ್ತದ ಆಲ್ಬುಮಿನ್ನನ್ನು ಸ್ವತಃ ಸೆಳೆದುಕೊಂಡು ಆಹಾರವಾಗಿ ಬಳಸುತ್ತದೆ. ಹೈಡೆಲ್‌ಬರ್ಗಿನ ಸಂಶೋಧಕರು 2003ರಲ್ಲಿ ಮೆಥೊಟ್ರೆಕ್ಸೇಟನ್ನು ಮಾನವ ಆಲ್ಬುಮಿನ್ನಿಗೆ ಬೆಸೆದು ಇಲಿಗಳಲ್ಲಿ ಇದನ್ನು ತೋರಿಸಿದರು. ಆಲ್ಬುಮಿನ್ ಕಣಗಳನ್ನು ಕಾರ್ಖಾನೆಯಲ್ಲಿ ತಯಾರಿಸಬಹುದೆಂದು 2005ರಲ್ಲಿ ಅನುಮೋದನೆ ಪಡೆದ ಅಬ್ರಾಕ್ಸೇನ್ ಎಂಬ ಕ್ಯಾನ್ಸರ್ ಔಷಧ ಸಾಬೀತುಮಾಡಿದೆ. 2022ರಲ್ಲಿ ಜಪಾನ್ ಒಪ್ಪಿದ ಒಜೊರಾಲಿಜುಮ್ಯಾಬ್ ಇನ್ನೂ ಜಾಣತನದ ಹೆಜ್ಜೆ ಇಟ್ಟಿತು: ಟಿಎನ್‌ಎಫ್ ಹಿಡಿಯುವ ಎರಡು ಪುಟ್ಟ ಪ್ರತಿಕಾಯ ತುಣುಕುಗಳ ಜೊತೆ ಆಲ್ಬುಮಿನ್ ಹಿಡಿಯುವ ಒಂದು ತುಣುಕನ್ನು ಸೇರಿಸಿ, ರೋಗಿಯ ರಕ್ತದಲ್ಲಿರುವ ಆಲ್ಬುಮಿನ್ನನ್ನೇ ವಾಹಕವಾಗಿ ಮಾಡಿಕೊಂಡಿತು. ಕಣವನ್ನೇ ತಯಾರಿಸದೆ ಕಣದ ಲಾಭ ಪಡೆದ ಈ ಮಾರ್ಗವನ್ನು ಯಾವುದೇ ತಂಡ ತನ್ನ ವಿನ್ಯಾಸ ಆರಂಭಿಸುವ ಮೊದಲು ಓದಿಕೊಳ್ಳಬೇಕು. ಅಡಾಲಿಮುಮ್ಯಾಬ್‌ಗೆ ಸ್ಟೀರಾಯ್ಡಿನಂತೆ ವರ್ತಿಸುವ ಅಣುವನ್ನು ಬೆಸೆದು ರೋಗಿಗಳಲ್ಲಿ ಪರೀಕ್ಷಿಸಿದ ಪ್ರತಿಕಾಯ-ಔಷಧ ಜೋಡಿಯೂ ಇದೇ ಸಾಲಿನ ಎದುರಾಳಿ.

ಚಿನ್ನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಫ್ರಾನ್ಸಿನ ಜಾಕ್ ಫೊರೆಸ್ಟಿಯೆ 1929ರಲ್ಲಿ ಈ ರೋಗಕ್ಕೆ ಚಿನ್ನದ ಲವಣಗಳನ್ನು ಬಳಸಿದ್ದನ್ನು ಉಲ್ಲೇಖಿಸಿ ಚಿನ್ನದ ನ್ಯಾನೊಕಣಗಳಿಗೆ ಸಮರ್ಥನೆ ಕೊಡುವ ಪ್ರಬಂಧಗಳಿವೆ. ಆ ಲವಣಗಳ ರಸಾಯನವೇ ಬೇರೆ, ಕಣಗಳ ರಸಾಯನವೇ ಬೇರೆ. ಕರಗದ ಲೋಹ ಯಕೃತ್ತಿನಲ್ಲಿ ದೀರ್ಘಕಾಲ ಉಳಿಯುತ್ತದೆ. ದಶಕಗಳ ರೋಗಕ್ಕೆ ಅದು ಸರಿಯಾದ ವಾಹಕವಲ್ಲ. ಕೀಲಿನ ಚಿತ್ರ ತೆಗೆಯುವ ಸಂಶೋಧನೆಗೆ ಅದನ್ನು ಬಳಸಬಹುದು.

ಆರ್‌ಎನ್‌ಎ ಮತ್ತು ಕೋಶಪೊರೆ ಹೊದಿಸಿದ ಕಣಗಳು

ಜೀನಿನ ಸಂದೇಶವನ್ನು ಅಡಗಿಸುವ ಸಿಆರ್‌ಎನ್‌ಎ (siRNA) ಔಷಧ ಪಟಿಸಿರಾನ್ 2018ರಲ್ಲಿ ಅನುಮೋದನೆ ಪಡೆಯಿತು. ಅದರ ಕೊಬ್ಬಿನ ಕಣಗಳು ರಕ್ತದಲ್ಲಿ ಅಪೊ-ಇ ಪ್ರೋಟೀನನ್ನು ಅಂಟಿಸಿಕೊಂಡು ಯಕೃತ್ತಿಗೆ ಹೋಗುತ್ತವೆ; ರೋಗ ತರುವ ಪ್ರೋಟೀನು ಬಹುಮಟ್ಟಿಗೆ ಅಲ್ಲೇ ತಯಾರಾಗುವುದರಿಂದ ಅದೇ ಬೇಕಿತ್ತು. ಕೀಲಿಗೆ ಅದೇ ಕಣವನ್ನು ಬಳಸುವವರು ತಪ್ಪು ಅಂಗವನ್ನು ತಲುಪುತ್ತಾರೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 2009ರಲ್ಲಿ ಕೈಟೊಸಾನ್ ಕಣಗಳಲ್ಲಿ ಟಿಎನ್‌ಎಫ್ ವಿರುದ್ಧದ ಸಿಆರ್‌ಎನ್‌ಎ ತುಂಬಿ ಇಲಿಗಳ ಹೊಟ್ಟೆಯ ಪೊರೆಯೊಳಗೆ ಕೊಟ್ಟು, ಅಲ್ಲಿನ ಮ್ಯಾಕ್ರೋಫೇಜ್‌ಗಳ ಮೂಲಕ ಕೀಲಿನ ಉರಿಯೂತ ತಡೆದದ್ದು ಸೊಗಸಾದ ಪ್ರಯೋಗ. ಆದರೂ ನನ್ನ ಆಕ್ಷೇಪವೊಂದಿದೆ. ಟಿಎನ್‌ಎಫ್ ತಡೆಯಲು ಒಳ್ಳೆಯ ಪ್ರತಿಕಾಯಗಳು ಈಗಾಗಲೇ ಇರುವಾಗ ಅದೇ ಗುರಿಗೆ ಸಿಆರ್‌ಎನ್‌ಎ ಯಾಕೆ ಬೇಕು? ಮಾತ್ರೆಯಾಗಲಿ ಪ್ರತಿಕಾಯವಾಗಲಿ ಮುಟ್ಟಲಾಗದ, ಸೈನೋವಿಯಂನ ನಾರುಕೋಶಗಳ ಒಳಗಿನ ನಿಯಂತ್ರಕ ಪ್ರೋಟೀನುಗಳಿಗೆ ಗುರಿಯಿಟ್ಟರೆ ಮಾತ್ರ ಈ ಶ್ರಮ ಸಾರ್ಥಕ.

ಸ್ಯಾನ್ ಡಿಯೇಗೊದ ಲಿಯಾಂಗ್‌ಫಾಂಗ್ ಜಾಂಗ್ ತಂಡ 2018ರಲ್ಲಿ ಪಿಎಲ್‌ಜಿಎ ಕಣಗಳಿಗೆ ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣದ ಪೊರೆ ಹೊದಿಸಿತು. ಪೊರೆಯ ಮೇಲಿನ ಗ್ರಾಹಕಗಳು (ರಿಸೆಪ್ಟರ್) ಹಲವು ಸೈಟೊಕೈನ್‌ಗಳನ್ನು ಒಟ್ಟಿಗೆ ಹೀರಿಕೊಂಡು, ಇಲಿಗಳಲ್ಲಿ ಮೃದ್ವಸ್ಥಿಯನ್ನು ಕಾಪಾಡಿದವು. ಕಣದೊಳಗೆ ಔಷಧವೇ ಇರಲಿಲ್ಲ ಎಂಬುದು ಇದರ ಸೊಬಗು; ಒಂದು ಸೈಟೊಕೈನ್ ತಡೆದರೆ ಇನ್ನೊಂದು ತಲೆಯೆತ್ತುವ ರೋಗದಲ್ಲಿ ಈ ಆಲೋಚನೆಗೆ ತೂಕವಿದೆ. ಆದರೆ ಪೊರೆ ಬರಬೇಕಾದದ್ದು ದಾನಿಗಳ ರಕ್ತದಿಂದ. ನ್ಯೂಟ್ರೊಫಿಲ್‌ಗಳು ಅಲ್ಪಾಯುಷಿಗಳು, ದಾನಿಯಿಂದ ದಾನಿಗೆ ಪೊರೆ ಬದಲಾಗುತ್ತದೆ, ಸೋಂಕಿನ ಪರೀಕ್ಷೆ ಪ್ರತಿ ಬಾರಿಯೂ ಬೇಕು. ಪಿಎಚ್‌ಡಿಗೆ ಶ್ರೀಮಂತ ವಿಷಯ, ಔಷಧವಾಗಲು ಬಹಳ ದೂರ.

ಕಣದ ಮೇಲೆ ಗುರಿಕಾರಕ ಅಂಟಿಸಬೇಕೇ?

ಗುರಿಕಾರಕವೆಂದರೆ ನಿರ್ದಿಷ್ಟ ಕೋಶದ ಗ್ರಾಹಕಕ್ಕೆ ಅಂಟಿಕೊಳ್ಳಲೆಂದು ಕಣದ ಮೇಲೆ ಕೂರಿಸುವ ಅಣು. ಕ್ರಿಯಾಶೀಲ ಮ್ಯಾಕ್ರೋಫೇಜ್‌ಗಳ ಮೇಲೆ ಫೋಲೇಟ್ ಗ್ರಾಹಕ ಬೀಟಾ ಹೆಚ್ಚಾಗಿರುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ಪ್ರಯೋಗಾಲಯದಿಂದ ಬಂದ ಫೋಲೇಟ್ ಆಧಾರಿತ ವಿಕಿರಣಶೀಲ ಗುರುತುಕಾರಕದಿಂದ ರೋಗಿಗಳ ಕೀಲುಗಳ ಚಿತ್ರವನ್ನೂ ತೆಗೆಯಲಾಗಿದೆ. ಮನುಷ್ಯರಲ್ಲಿ ಪುರಾವೆ ಇರುವುದರಿಂದ ಗುರಿಕಾರಕಗಳಲ್ಲಿ ನಾನು ಫೋಲೇಟಿಗೆ ಮೊದಲ ಸ್ಥಾನ ಕೊಡುತ್ತೇನೆ. ಆದರೆ ನಮ್ಮ ರೋಗಿಗಳು ಫೋಲಿಕ್ ಆಮ್ಲದ ಮಾತ್ರೆ ನುಂಗುತ್ತಿರುತ್ತಾರೆ, ಅದು ಅದೇ ಗ್ರಾಹಕಕ್ಕಾಗಿ ಸ್ಪರ್ಧಿಸುತ್ತದೆ. ಇಲಿಯ ಆಹಾರದಲ್ಲೂ ಫೋಲೇಟ್ ಇರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಯೋಗದ ಫಲಿತಾಂಶವನ್ನು ನಂಬುವುದು ಕಷ್ಟ. ಸಿಡಿ44 ಗ್ರಾಹಕಕ್ಕೆ ಹೈಯಲುರಾನಿಕ್ ಆಮ್ಲ ಬಳಸುವವರು ಯಕೃತ್ತಿನ ನಾಳಗಳ ಒಳಪದರವೂ ಆ ಆಮ್ಲವನ್ನು ಹೀರುತ್ತದೆಂದು ತಿಳಿದಿರಬೇಕು. ಮ್ಯಾನೋಸ್ ಎಂಬ ಸಕ್ಕರೆಯ ಹೊದಿಕೆಗೂ ಇದೇ ತೊಂದರೆ.

ಗುರಿಕಾರಕ ಸಾಮಾನ್ಯವಾಗಿ ಕೀಲಿಗೆ ತಲುಪುವ ಕಣಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ, ತಲುಪಿದ ಮೇಲೆ ಯಾವ ಕೋಶ ಅದನ್ನು ನುಂಗುತ್ತದೆ ಎಂಬುದನ್ನು ಬದಲಿಸುತ್ತದೆ. ಮ್ಯಾಕ್ರೋಫೇಜ್ ಹೇಗೂ ಕಣ ನುಂಗುವ ಕೋಶವಾದ್ದರಿಂದ ಅಲ್ಲಿ ಲಾಭ ಅಲ್ಪ. ನಾರುಕೋಶ ಗುರಿಯಾಗಿದ್ದರೆ ಲಾಭ ಇದ್ದೀತು. ಗುರಿಕಾರಕ ಹೊತ್ತ ಕ್ಯಾನ್ಸರ್ ಕಣಗಳಿಂದ ಹೆಸರಾಗಿದ್ದ ಅಮೆರಿಕದ ಬೈಂಡ್ ಥೆರಪ್ಯೂಟಿಕ್ಸ್ 2016ರಲ್ಲಿ ದಿವಾಳಿ ರಕ್ಷಣೆ ಕೋರಿದ ಕಥೆಯನ್ನು ಈ ಕ್ಷೇತ್ರದವರು ಮರೆಯಬಾರದು. ಗುರಿಕಾರಕವಿಲ್ಲದ ಅದೇ ಕಣವನ್ನು ಅದೇ ಪ್ರಮಾಣದಲ್ಲಿ ಕೊಟ್ಟ ಗುಂಪಿಗಿಂತ ಸ್ಪಷ್ಟ ಸುಧಾರಣೆ ಕಾಣದಿದ್ದರೆ ಅದನ್ನು ಕೈಬಿಡುವುದೇ ಸರಿ.

ಬೇರನ್ನು ಮುಟ್ಟುವ ಪ್ರಯತ್ನ

ಉಳಿದೆಲ್ಲ ವಾಹಕಗಳು ಉರಿಯೂತವನ್ನು ತಣಿಸಲು ನೋಡಿದರೆ, ಒಂದು ಬಗೆ ಮಾತ್ರ ರೋಗನಿರೋಧಕ ವ್ಯವಸ್ಥೆಗೆ ಸಹಿಷ್ಣುತೆಯನ್ನು ಮರಳಿ ಕಲಿಸಲು ಹೊರಟಿದೆ. ಬ್ರಿಸ್ಬೇನಿನ ರಂಜನಿ ಥಾಮಸ್ ಅವರ ತಂಡ ಮೃದ್ವಸ್ಥಿಯ ಪ್ರೋಟೀನಾದ ಕೊಲಾಜೆನ್-2ರ ತುಣುಕು (ಪೆಪ್ಟೈಡ್) ಮತ್ತು ವಿಟಮಿನ್ ಡಿಯ ಕ್ರಿಯಾಶೀಲ ರೂಪವಾದ ಕ್ಯಾಲ್ಸಿಟ್ರಯೋಲನ್ನು ಒಂದೇ ಲಿಪೋಸೋಮಿನಲ್ಲಿ ಇಟ್ಟು, ಚರ್ಮದಡಿ ಚುಚ್ಚಿ, ಪ್ರತಿಜನಕವನ್ನು ತೋರಿಸುವ ಕೋಶವೇ ಅದನ್ನು ಶಾಂತಿಯ ಸಂದೇಶದೊಂದಿಗೆ ತೋರಿಸುವಂತೆ ಮಾಡಿತು. ಈ ರೋಗದ ಗುರುತಾದ ಸಿಟ್ರುಲಿನ್ ವಿರೋಧಿ ಪ್ರತಿಕಾಯಗಳಿರುವ ರೋಗಿಗಳ ಮೇಲಿನ ಮೊದಲ ಹಂತದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ರೋಗಿಗಳು ಅದನ್ನು ಚೆನ್ನಾಗಿ ಸಹಿಸಿಕೊಂಡರು. ಪೆಪ್ಟೈಡು ಎಚ್‌ಎಲ್‌ಎ ಎಂಬ ರೋಗನಿರೋಧಕ ಜೀನುಗಳ ನಿರ್ದಿಷ್ಟ ಬಗೆ ಇರುವವರಿಗೆ ಮಾತ್ರ ಹೊಂದುತ್ತದೆ ಎಂಬ ಮಿತಿ ಇದೆ. ಆದರೂ ಇಲ್ಲಿ ಕಣ ಕೀಲನ್ನು ತಲುಪಬೇಕಾಗಿಯೇ ಇಲ್ಲ, ದುಗ್ಧಗ್ರಂಥಿಯನ್ನು ತಲುಪಿದರೆ ಸಾಕು, ಪ್ರಮಾಣ ಅಲ್ಪ, ದಿನವೂ ಕೊಡಬೇಕಾಗಿಲ್ಲ. ರೋಗನಿರೋಧಕ ವಿಜ್ಞಾನದ ಜೊತೆಗಾರರು ದೊರೆತ ತಂಡಕ್ಕೆ ನಾನು ಇದನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಒಬ್ಬಂಟಿ ಫಾರ್ಮಸಿ ಪ್ರಯೋಗಾಲಯಕ್ಕೆ ಸ್ಟೀರಾಯ್ಡ್ ಲಿಪೋಸೋಮನ್ನು ಉತ್ತಮಪಡಿಸುವ ಕೆಲಸ ಹೆಚ್ಚು ಫಲ ಕೊಡುತ್ತದೆ.

ಇಲಿಯಿಂದ ಆಸ್ಪತ್ರೆಗೆ

ಯಾವ ವಾಹಕವಾದರೂ ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಇಲಿಗಳಲ್ಲಿ ರೋಗ ತರಿಸುವ ಮಾದರಿಗಳಲ್ಲಿ, 1956ರಿಂದ ಬಳಕೆಯಲ್ಲಿರುವ ಅಡ್ಜುವೆಂಟ್ ಮಾದರಿಯಲ್ಲೋ 1977ರಲ್ಲಿ ಬಂದ ಕೊಲಾಜೆನ್ ಮಾದರಿಯಲ್ಲೋ. ಇವುಗಳಲ್ಲಿ ರೋಗ ಕೆಲವೇ ವಾರಗಳಲ್ಲಿ ಉಕ್ಕುತ್ತದೆ, ನಾಳಗಳು ವಿಪರೀತ ಸೋರುತ್ತವೆ. ಮೆಥೊಟ್ರೆಕ್ಸೇಟಿನಲ್ಲಿ ಅರ್ಧ ಶಮನಗೊಂಡ ಮಹಿಳೆಯ ಮಣಿಕಟ್ಟು ಹಾಗೆ ಸೋರುವುದಿಲ್ಲ. ಊತ ಪೂರ್ತಿ ಬಂದ ಮೇಲೆಯೇ ಔಷಧ ಆರಂಭಿಸಿ. ರೋಗ ಬರುವ ಮೊದಲೇ ಕೊಟ್ಟು ತಡೆದೆವೆಂಬುದು ಚಿಕಿತ್ಸೆಯ ಪುರಾವೆಯಲ್ಲ. ಬರಿಯ ಔಷಧದ ಗುಂಪು, ಖಾಲಿ ಕಣದ ಗುಂಪು ಎರಡೂ ಇರಲಿ, ಏಕೆಂದರೆ ಖಾಲಿ ಲಿಪೋಸೋಮ್ ಕೂಡ ಮ್ಯಾಕ್ರೋಫೇಜ್‌ಗಳ ನಡವಳಿಕೆಯನ್ನು ಬದಲಿಸಬಲ್ಲದು. ಕಣವನ್ನು 200 ನ್ಯಾನೊಮೀಟರಿಗಿಂತ ಕೆಳಗೆ ಇಟ್ಟರೆ 0.22 ಮೈಕ್ರೊಮೀಟರಿನ ಸೋಸುಕದಿಂದ ರೋಗಾಣುಮುಕ್ತ ಮಾಡಬಹುದು; ಇಲ್ಲದಿದ್ದರೆ ಇಡೀ ತಯಾರಿಕೆಯನ್ನೇ ಶುದ್ಧ ಕೊಠಡಿಯಲ್ಲಿ ನಡೆಸಬೇಕಾಗುತ್ತದೆ, ವೆಚ್ಚ ಏರುತ್ತದೆ.

ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು, ಅನೇಕರು ಮಕ್ಕಳನ್ನು ಹೊಂದುವ ವಯಸ್ಸಿನವರು. ಮೆಥೊಟ್ರೆಕ್ಸೇಟ್ ಗರ್ಭಿಣಿಯರಿಗೆ ನಿಷಿದ್ಧ. 2009ರಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ, ಟಿಎನ್‌ಎಫ್ ತಡೆಯುವ, ಪೆಗ್ ಬೆಸೆದ ಸರ್ಟೊಲಿಜುಮ್ಯಾಬ್‌ನಲ್ಲಿ ಪ್ರತಿಕಾಯದ ಬಾಲದಂತಿರುವ ಎಫ್‌ಸಿ ಭಾಗವಿಲ್ಲದ ಕಾರಣ ಅದು ಮಾಸುವನ್ನು ದಾಟಿ ಮಗುವನ್ನು ತಲುಪುವುದು ಅತ್ಯಲ್ಪ, ಮತ್ತು ವೈದ್ಯರು ಅದನ್ನು ಆರಿಸುವ ಒಂದು ಕಾರಣ ಇದೇ. ಹೊಸ ಕಣ ಮಾಸುವಿನಲ್ಲಿ ಹೇಗೆ ವರ್ತಿಸುತ್ತದೆಂಬುದನ್ನು ಅಳೆಯುವ ಪ್ರಬಂಧಗಳನ್ನು ಇನ್ನೂ ಹೆಚ್ಚು ಕಾಣಲು ನಾನು ಬಯಸುತ್ತೇನೆ.

ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರತಂದಿತು. ಅದೇ ವರ್ಷದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹಳೆಯ ಔಷಧವೇ ಆದರೂ ಹೊಸ ಬಗೆಯ ವಾಹಕ ವ್ಯವಸ್ಥೆಯಲ್ಲಿ ಬಂದರೆ ಅದು ಹೊಸ ಔಷಧವೇ. ಆದ್ದರಿಂದ ಗಾತ್ರ, ಮೇಲ್ಮೈ ವಿದ್ಯುದಾವೇಶ, ತುಂಬಿದ ಔಷಧದ ಪ್ರಮಾಣ, ಶೀತಲ ಸಂಗ್ರಹದಲ್ಲಿ ಸೋರಿಕೆ ಇವುಗಳ ಅಂಕಿಗಳನ್ನು ಪ್ರತಿ ತಯಾರಿಕೆಗೂ ಮೊದಲ ದಿನದಿಂದಲೇ ದಾಖಲಿಸಿಕೊಳ್ಳಬೇಕು. ಬೇರೆ ಇಬ್ಬರ ಕೈಯಲ್ಲಿ ಬೇರೆ ಬೇರೆ ದಿನ ತಯಾರಿಸಿದ ಬ್ಯಾಚುಗಳು ಈ ಅಂಕಿಗಳಲ್ಲಿ ಒಂದಕ್ಕೊಂದು ಹೊಂದುವವರೆಗೆ ಇಲಿಗಳ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಕೇಳಲು ಹೋಗಬಾರದು.